ಹೊರದಂಡೆ

ಯೊಯೆನ್ಸೂ ಊರಿಗೆ ಮಾರ್ಚ್ ಅಂದರೆ ಇನ್ನೂ ಹಿಮವೇ.
ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಕೋಣೆ, ಕಿಟಕಿಯಿಲ್ಲ;
ಎರಡು ಪರದೆ, ಒಂದು ಮೌಸು, ಆರಿದ ಕಾಫಿ.
ದಿನಕ್ಕೆ ಹನ್ನೊಂದು ಹೃದಯ ಅಳೆಯುತ್ತೇನೆ.

ಅಳೆಯುವುದೆಂದರೆ ಇಷ್ಟೇ:
ಎಡಧಮನಿ ಹುಟ್ಟಿ, ಉಗುರುದ್ದ ಸಾಗುವಷ್ಟರಲ್ಲಿ
ಎರಡಾಗುತ್ತದೆ. ಒಂದು ಎದುರಿಗೇ ಇಳಿಯುತ್ತದೆ,
ಇನ್ನೊಂದು ಹೃದಯವನ್ನು ಬಳಸಿಕೊಂಡು
ಬೆನ್ನ ಕಡೆಗೆ ಹೊರಳುತ್ತದೆ.
ಕವಲಿನ ಬಾಯಲ್ಲೊಂದು ಚುಕ್ಕೆ ಇಡುತ್ತೇನೆ,
ಕೊಂಬೆಗೊಂದರಂತೆ ಮತ್ತೆರಡು.
ಯಂತ್ರ ಕೋನ ಹೇಳುತ್ತದೆ: ಅರವತ್ತು. ಎಪ್ಪತ್ತೆರಡು.
ಬರೆದುಕೊಳ್ಳುತ್ತೇನೆ.

ಒಯ್ವಾ ತುರುನೆನ್‌ನದು ತೊಂಬತ್ತೇಳು.

ಕವಲು ಅಗಲವಾದಷ್ಟೂ ನಾಳ ಕಿರಿದಾಗಿರುವುದನ್ನು
ಹೆಚ್ಚು ಕಂಡಿದ್ದೇವೆ ಅನ್ನುತ್ತಾರೆ ನಮ್ಮ ಡಾಕ್ಟರು;
ಅಂದು, ಕನ್ನಡಕ ಒರೆಸಿಕೊಂಡು,
ಹೆಚ್ಚು ಅಂದರೆ ಯಾವಾಗಲೂ ಅಂತಲ್ಲ ಎನ್ನುತ್ತಾರೆ.

ಮುದುಕನಿಗೆ ಚಿತ್ರ ನೋಡಬೇಕಂತೆ.
ನಿಯಮದಲ್ಲಿಲ್ಲ. ಕುರ್ಚಿ ಎಳೆದುಕೊಟ್ಟೆ.
ಬೂದು ಕತ್ತಲಲ್ಲಿ ಬಿಳಿಯಾಗಿ ಹರಿದು ನಿಂತ ತನ್ನದೇ ನೆತ್ತರನ್ನು
ತುಂಬಾ ಹೊತ್ತು ನೋಡಿದ.
ಹುಡುಗಿ, ಅಂದ (ನನಗೆ ಐವತ್ತಮೂರು),
ಇದು ಹೊಳೆ ತಾನೇ?

ಹತ್ತೊಂಬತ್ತು ಬೇಸಿಗೆ ದಿಮ್ಮಿ ತೇಲಿಸಿದವನಂತೆ,
ಕೊಕ್ಕೆಗೋಲು ಹಿಡಿದ ಗಂಟು ಇನ್ನೂ ಅಂಗೈಯಲ್ಲಿದೆ.
ರೋಗ ಎಲ್ಲಿ ತೋರಿಸಿ ಎಂದರೆ ಎಲ್ಲರೂ
ಕವಲಿನ ಮೂಗಿಗೇ ಬೆರಳಿಡುತ್ತಾರೆ,
ನೀರು ಬಂದು ಬಡಿಯುವ ಆ ಚೂಪಿಗೆ;
ಏಟು ಬಿದ್ದಲ್ಲೇ ಗಾಯ ಅನ್ನುವುದು ಲೋಕದ ಲೆಕ್ಕ.
ಒಯ್ವಾ ಬೆರಳಿಟ್ಟಿದ್ದು ಅದರ ಎದುರಿಗೆ,
ಹೊರದಂಡೆಗೆ.
ಕಸ ಇಲ್ಲಿ, ಅಂದ.

ಮೂಗನ್ನು ನೀರು ದಿನಾ ಉಜ್ಜುತ್ತೆ, ಅದು ಚೊಕ್ಕ.
ಇಲ್ಲಿ ಸೋಮಾರಿ ನೀರು. ಮುಂದೆ ಹೋಗೋದು ಮರೆತು
ಹಿಂದೆ ತಿರುಗುತ್ತೆ, ಮತ್ತೆ ಮುಂದೆ. ತೊಗಟೆ, ನೊರೆ,
ಸತ್ತ ಮೀನು, ಎಲ್ಲ ಇಲ್ಲೇ ತಂಗೋದು.
ಕವಲು ಬಾಯಿ ಬಿಟ್ಟಷ್ಟೂ
ಈ ಸೋಮಾರಿ ಮಡು ದೊಡ್ಡದು.

ಅವನ ಬೆರಳ ಕೆಳಗೇ ಇತ್ತು,
ಅರ್ಧಕ್ಕಿಂತ ಹೆಚ್ಚು ದಾರಿ ನುಂಗಿದ್ದ
ಮಸುಕು ದಿಣ್ಣೆ.
ನಾನು ಅದನ್ನಿನ್ನೂ ಗುರುತು ಹಾಕಿರಲಿಲ್ಲ.

ಹೆಲ್ಕಾ ಬೆಣ್ಣೆಯನ್ನು ಬೈತಾಳೆ, ಅಂದ.
ಇನ್ನು ಕೋನವನ್ನು ಬೈಯಬಹುದಾ?
ಕೋನ ಕೊಬ್ಬು ತರುವುದಿಲ್ಲ, ಎಂದೆ,
ಕೂರಲು ಜಾಗ ತೋರಿಸುತ್ತದೆ, ಅಷ್ಟೆ.
ಜಾಗ ತೋರಿಸಿದವನೂ ಅರ್ಧ ಕಳ್ಳನೇ,
ಅಂದು ನಕ್ಕ. ನಗು ಕೆಮ್ಮಾಯಿತು.

ಆಮೇಲೆ, ಜಾಕೆಟ್ಟಿನ ಗುಂಡಿ ಹಾಕುತ್ತಾ,
ನನ್ನ ಕಡೆ ನೋಡದೆ ಕೇಳಿದ:
ತೌನೋದು ಎಷ್ಟಿದ್ದೀತು?

ತೌನೋ ಅವನ ಅಣ್ಣ. ಎಪ್ಪತ್ತೆರಡರ ಫೆಬ್ರವರಿ.
ಹೆಪ್ಪುಗಟ್ಟಿದ ಸರೋವರದ ಮೇಲೆ ತೂತು ಕೊರೆದು
ಗಾಳ ಬಿಟ್ಟು ಕೂತವನು ಕೂತೇ ಇದ್ದ,
ನಲವತ್ತೆರಡು ವರ್ಷ; ದಾರ ಕೈಯಲ್ಲೇ ಇತ್ತು,
ತುದಿಯಲ್ಲಿ ಜೀವಂತ ಮೀನು.
ಆಗ ನಮ್ಮೂರ ಗಂಡಸರು ಹಾಗೆಯೇ ಹೋಗುತ್ತಿದ್ದರು.
ಕವಲಿಗೆ ಚುಕ್ಕೆ ಇಟ್ಟವರಿಲ್ಲ.

ಗೊತ್ತಿಲ್ಲ, ಎಂದೆ.
ಒಂದೇ ತಾಯಿ, ಅಂದ. ಎದ್ದು ಹೋದ.

ಸಂಜೆ ಸೇತುವೆಯ ಮೇಲೆ ನಿಂತೆ.
ನಡುಗಡ್ಡೆಯ ಮೂಗಿನಲ್ಲಿ ನೀರು ಮಂಜುಗಡ್ಡೆ ಸೀಳಿ
ಕಪ್ಪಗೆ ಹೊಳೆಯುತ್ತಾ ಹಬೆಯಾಡುತ್ತಿತ್ತು.
ಹೊರದಂಡೆಯ ಗಡ್ಡೆ ದಪ್ಪ, ಹಳದಿ;
ಅದರಲ್ಲಿ ಯಾರದೋ ಸೈಕಲ್ಲು
ಹ್ಯಾಂಡಲ್ ಮಾತ್ರ ಮೇಲೆತ್ತಿ ಹುದುಗಿತ್ತು.
ಗ್ಲೌಸು ಕಳಚಿ ಎರಡು ಬೆರಳು ಅಗಲಿಸಿ
ಹೊಳೆಗೆ ಹಿಡಿದು ನೋಡಿದೆ.
ಎಂಬತ್ತೋ, ತೊಂಬತ್ತೋ.
ನನ್ನದನ್ನು ನಾನಿನ್ನೂ ಅಳೆಸಿಲ್ಲ.

ಬೆರಳು ಮರಗಟ್ಟುವವರೆಗೆ ಹಿಡಿದೇ ಇದ್ದೆ.
ಆರೂ ಹತ್ತರ ಬಸ್ಸು
ನನ್ನ ಹಿಂದಿನಿಂದಲೇ ಹೋಯಿತು.